ಊರಿನ ಲೆಕ್ಕ ಓದುವ ಬಗೆ



ಹೊಲಕ್ಕೆ ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕೆಂಬುದು ತಮಗೆ ತಿಳಿದ ಸಂಗತಿ. ಊರಿನ ಕೆಲಸಕ್ಕೆ ಕೈಹಾಕುವ ಮೊದಲು ಊರಿನ ಲೆಕ್ಕವನ್ನೂ ಹಾಗೆಯೇ ಪರೀಕ್ಷಿಸಬೇಕು. ಅರಳಿಕಟ್ಟೆಯ ಮಾತು ಬೇರೆ, ಕಾಗದದ ಅಂಕಿ ಬೇರೆ. ಈ ಪಾಠದಲ್ಲಿ ಮೂರು ಲೆಕ್ಕಗಳನ್ನು ನೋಡೋಣ.

1. ಶಾಲೆಯ ಲೆಕ್ಕ: ಪ್ರತಿಯೊಂದು ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆ ಇದೆ. ಮಕ್ಕಳೆಷ್ಟು, ಉಪಾಧ್ಯಾಯರೆಷ್ಟು, ಕೊಠಡಿ, ನೀರು, ಶೌಚಾಲಯ ಉಂಟೋ ಇಲ್ಲವೋ ಎಂಬುದೆಲ್ಲ ಆ ದಾಖಲೆಯಲ್ಲಿ ಸಿಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ 2 ಉಪಾಧ್ಯಾಯರು, 61ರಿಂದ 90ರ ತನಕ 3 ಉಪಾಧ್ಯಾಯರು ಇರತಕ್ಕದ್ದು. ಶಾಲೆಗೆ ಬರುವ ಮಕ್ಕಳು 63, ದಾಖಲೆಯಲ್ಲಿ 58 ಎಂದಿಟ್ಟುಕೊಳ್ಳಿ. ಐದು ಹೆಸರು ಬಿಟ್ಟುಹೋದ ಮಾತ್ರಕ್ಕೆ ಮೂರನೆಯ ಉಪಾಧ್ಯಾಯರನ್ನು ಕೇಳಲು ಆಧಾರವೇ ಇಲ್ಲದಂತಾಗುತ್ತದೆ. ನಷ್ಟ ಯಾರಿಗೆ? ನಮ್ಮ ಮಕ್ಕಳಿಗೆ.

2. ಸಂಬಳದ ಲೆಕ್ಕ: ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರು, "ಏನಪ್ಪಾ, ನಿನಗೆ ಸಂಬಳ ಎಷ್ಟು?" ಎಂದು ಕೇಳಿದರು. ನಾನು ನಾಚಿಕೊಂಡು ಮಾತು ತೇಲಿಸಿದೆ. ಅದು ನನ್ನ ತಪ್ಪು. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣದಂತೆ ಪ್ರತಿಯೊಂದು ಸರ್ಕಾರಿ ಕಚೇರಿಯೂ ತನ್ನ ನೌಕರರ ತಿಂಗಳ ಸಂಬಳವನ್ನು ತಾನಾಗಿಯೇ ಪ್ರಕಟಿಸಬೇಕು. ಇದು ಹೊಟ್ಟೆಕಿಚ್ಚಿಗಲ್ಲ, ಯಾವ ಕೆಲಸಕ್ಕೆ ಯಾರಿದ್ದಾರೆಂದು ತಿಳಿಯಲಿಕ್ಕೆ. ಪಟ್ಟಿಯಲ್ಲಿರುವವರು ಊರಲ್ಲಿ ಕಾಣದಿದ್ದರೆ ಕೂಡಲೆ ದೂರಬೇಡಿ. ಅವರನ್ನು ಬೇರೆ ಕಡೆಗೆ ನಿಯೋಜಿಸಿರಬಹುದು. ಮೊದಲು ವಿಚಾರಿಸಿ.

3. ಸಣ್ಣ ಉದ್ಯಮದ ಲೆಕ್ಕ: ಹಿಟ್ಟಿನ ಗಿರಣಿ ಹಾಕಬೇಕೆನ್ನುವವರು ಮೊದಲು ಸುತ್ತಲಿನ ಗಿರಣಿಗಳನ್ನು ಎಣಿಸಬೇಕು. ಆರನೆಯ ಆರ್ಥಿಕ ಗಣತಿ ನಡೆದದ್ದು 2013–14ರಲ್ಲಿ. ಆ ಅಂಕಿ ಈಗ ಹಳತು. 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಬಂದಿದೆ, ಅದಕ್ಕೆ ಶುಲ್ಕವಿಲ್ಲ. ಯಾರಾದರೂ ಸರ್ಕಾರದ ಶುಲ್ಕವೆಂದು ಹಣ ಕೇಳಿದರೆ ಕೊಡಬೇಡಿ. ನೋಂದಣಿ ಮಾಡಿಸದ ಅಂಗಡಿಗಳು ಅದರಲ್ಲಿ ಬರುವುದಿಲ್ಲವಾದ್ದರಿಂದ, ಒಂದು ಸಲ ನಡೆದೇ ಎಣಿಸುವುದು ಲೇಸು. ಯಾವ ಅಂಕಿಯನ್ನೇ ನೋಡಲಿ, ಅದು ಯಾವ ವರ್ಷದ್ದು, ಯಾರನ್ನು ಬಿಟ್ಟಿದೆ ಎಂಬೆರಡನ್ನು ಕೇಳಿಕೊಳ್ಳಿ.

ಲೆಕ್ಕ ಸಿಗದಿದ್ದರೆ: ಆಯಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. ಒಂದು ಅರ್ಜಿಗೆ ಒಂದೇ ವಿಷಯವಿರಲಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯ ಒಂದು ಪ್ರತಿ ತಮ್ಮ ಬಳಿ ಇರಲಿ.

ಈ ವಾರದ ಕೆಲಸ: ನಾಲ್ಕು ಜನ ಸೇರಿ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಕ್ಕಳನ್ನು ಎಣಿಸಿ, ದಾಖಲೆಯೊಡನೆ ಹೋಲಿಸಿ. ವ್ಯತ್ಯಾಸವಿದ್ದರೆ ಶಾಲಾಭಿವೃದ್ಧಿ ಸಮಿತಿಗೂ ಗ್ರಾಮಸಭೆಗೂ ಬರೆದು ಕೊಡಿ. ಓದಲು ಬಾರದವರು ಜೊತೆಗೆ ಮಕ್ಕಳನ್ನು ಕರೆದುಕೊಂಡು ಹೋಗಲಿ. ಅಂಕಿ ಓದಲು ಅವರೇ ಸಾಕು. ಪ್ರಶ್ನೆ ಕೇಳಬೇಕಾದವರು ಮಾತ್ರ ತಾವು.