ವ್ಯಾಪಾರವೇ, ಜೂಜೇ?

ಜೂಜು ನಿಷಿದ್ಧವೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಆದರೆ ಜೂಜು ಹೆಸರು ಬದಲಿಸಿಕೊಂಡು ಬಂದಾಗ ವಿದ್ಯಾವಂತರೂ ಮೋಸಹೋಗುತ್ತಾರೆ. ಅಮೆರಿಕದ 'ಮುನ್ಸೂಚನಾ ಮಾರುಕಟ್ಟೆ' ಇದಕ್ಕೊಂದು ನಿದರ್ಶನ.

ಅದರ ಕ್ರಮ ಹೀಗಿದೆ. ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ, ಎದುರಾಳಿಯು ಬುಟ್ಟಿಯತ್ತ ಎಸೆದ ಚೆಂಡನ್ನು ಆಟಗಾರನು ನಿಯಮಬದ್ಧವಾಗಿ ತಡೆದರೆ ಅದಕ್ಕೆ 'ಬ್ಲಾಕ್' ಎನ್ನುತ್ತಾರೆ. ಇಂತಹ ಆಟಗಾರನು ಇಂದು ಮೂರು ಬ್ಲಾಕ್ ಮಾಡುವನೇ ಎಂಬುದು ಪ್ರಶ್ನೆ. 'ಹೌದು' ಎಂಬ ಕರಾರಿಗೆ 60 ಸೆಂಟ್ ಬೆಲೆಯಿದ್ದರೆ 'ಇಲ್ಲ' ಎಂಬುದಕ್ಕೆ ಸುಮಾರು 40 ಸೆಂಟ್. ಪಂದ್ಯ ಮುಗಿದಾಗ ಸರಿಯಾದ ಕರಾರಿಗೆ ಒಂದು ಡಾಲರ್, ಇನ್ನೊಂದಕ್ಕೆ ಏನೂ ಇಲ್ಲ.

ಇದು ಷೇರಿನಂತೆ ಕೊಡು-ಕೊಳ್ಳುವ ವ್ಯಾಪಾರವೆಂದು ಕೆಲವರು ವಾದಿಸುತ್ತಾರೆ. ಆದರೆ ಷೇರು ಕೊಂಡವನಿಗೆ ಒಂದು ಉದ್ದಿಮೆಯಲ್ಲಿ ಪಾಲು ಸಿಗುತ್ತದೆ. ಇಲ್ಲಿ ಕೈಸೇರುವ ಸರಕು ಯಾವುದು? ಸೇವೆ ಯಾವುದು? ಒಬ್ಬನ 60 ಸೆಂಟ್, ಇನ್ನೊಬ್ಬನ 40 ಸೆಂಟ್ ಒಟ್ಟುಗೂಡಿ ಗೆದ್ದವನ ಪಾಲಾಗುತ್ತದೆ, ಅಷ್ಟೆ. ವ್ಯಾಪಾರವೂ ಬಡ್ಡಿಯಂತೆಯೇ ಎಂದು ವಾದಿಸಿದವರನ್ನು ಪವಿತ್ರ ಕುರ್‌ಆನ್ ಖಂಡಿಸಿರುವುದನ್ನು ನೆನಪಿಸಿಕೊಳ್ಳಿರಿ.

ಇದು ಅದೃಷ್ಟವಲ್ಲ, ಜ್ಞಾನ ಎಂಬುದು ಇನ್ನೊಂದು ವಾದ. ವಿಕ್ಟರ್ ವೆಂಬನ್ಯಾಮಾ ಎಂಬ ಆಟಗಾರನು 2023-24ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 3.6 ಬ್ಲಾಕ್ ಮಾಡಿ ಮೊದಲಿಗನಾದನು. ಇದು ಎಲ್ಲರಿಗೂ ತಿಳಿದ ಲೆಕ್ಕ. ಆದರೆ ಇಂದು ರಾತ್ರಿ ಅವನ ಕಾಲು ಉಳುಕಬಹುದು, ತರಬೇತುದಾರನು ಅವನನ್ನು ಬೇಗನೆ ಹೊರಗೆ ಕೂರಿಸಬಹುದು. ಕೆಳಗಿಳಿಯುತ್ತಿರುವ ಚೆಂಡನ್ನು ಅವನು ಮುಟ್ಟಿದರೆ ಅದು ಬ್ಲಾಕ್ ಅಲ್ಲ, ನಿಯಮಭಂಗ. ನಾಳಿನ ಸಂಪಾದನೆಯನ್ನೇ ಅರಿಯದ ಮನುಷ್ಯನು ಪರರ ಕೈಚಲನೆಗೆ ಮನೆಯ ಹಣವನ್ನು ಒಡ್ಡುವುದು ಜ್ಞಾನವೇ?

ಅಜ್ಞಾನಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನೆತ್ತಿ ಅದರ ಪಾಲುಗಳನ್ನು ನಿರ್ಧರಿಸುತ್ತಿದ್ದರು. ಬರಿಯ ಬಾಣ ಬಂದವರು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುತ್ತಿದ್ದರೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಅದರಲ್ಲಿ ಜನರಿಗೆ ಪ್ರಯೋಜನವಿದ್ದರೂ ಪಾಪವೇ ದೊಡ್ಡದೆಂದು ಕುರ್‌ಆನ್ ತಿಳಿಸಿತು. ಬಳಿಕ 'ಅಲ್ ಮಾಇದಃ' ಅಧ್ಯಾಯದಲ್ಲಿ ಅದನ್ನು ಸಂಪೂರ್ಣ ನಿಷೇಧಿಸಿತು. ಬಡವನ ಹೊಟ್ಟೆ ತುಂಬಿಸಿದ ಜೂಜಿಗೇ ರಿಯಾಯಿತಿ ಇಲ್ಲವೆಂದ ಮೇಲೆ ಇದಕ್ಕೆಲ್ಲಿ?

ಇದರ ಕೇಡು ಆಟವನ್ನೂ ಬಿಡುವುದಿಲ್ಲ. ಟೊರಾಂಟೊ ತಂಡದ ಜಾಂಟೇ ಪೋರ್ಟರ್ ಜೂಜಿನ ಸಾಲದಲ್ಲಿ ಮುಳುಗಿದ್ದನು. 2024ರ ಮಾರ್ಚ್ 20ರಂದು ಅನಾರೋಗ್ಯದ ನೆಪ ಹೇಳಿ, ಮೂರೇ ನಿಮಿಷ ಆಡಿ ಹೊರನಡೆದನು. ಅವನ ಆಟ ಕಳಪೆಯಾಗುವುದೆಂದು ಒಬ್ಬನು ಬಾಜಿ ಸಂಸ್ಥೆಯಲ್ಲಿ 80,000 ಡಾಲರ್ ಕಟ್ಟಿದ್ದನು. ಗೆದ್ದರೆ 11 ಲಕ್ಷ ಡಾಲರ್. ಗುಟ್ಟು ಬಯಲಾಯಿತು. ಏಪ್ರಿಲ್ 17ರಂದು ಪೋರ್ಟರ್‌ಗೆ ಆಜೀವ ನಿಷೇಧ ವಿಧಿಸಲಾಯಿತು. ಜುಲೈಯಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. 24 ವರ್ಷದ ಯುವಕನ ಜೀವನೋಪಾಯವೇ ಕೈತಪ್ಪಿತು.

ಹೆತ್ತವರೇ, ಆಟ ಆಡುವುದಾಗಲಿ, ನೋಡಿ ಸಂತೋಷಪಡುವುದಾಗಲಿ ತಪ್ಪಲ್ಲ. ಆದರೆ ಮೊಬೈಲಿನಲ್ಲಿ ಹಣ ಬಂತೆಂದು ಮಗನು ಹೇಳಿದರೆ, ಎಷ್ಟು ಬಂತೆಂದು ಕೇಳುವ ಮೊದಲು ಹೇಗೆ ಬಂತೆಂದು ಕೇಳಿರಿ. ಅದು ದುಡಿಮೆಯ ಫಲವೇ, ಸರಕಿನ ಲಾಭವೇ? ಇನ್ನೊಬ್ಬನ ಸೋಲು ಮಾತ್ರವೇ ಅದರ ಮೂಲವಾಗಿದ್ದರೆ, ಹೆಸರು ಏನೇ ಇರಲಿ, ಅದು ಜೂಜು. ನಮ್ಮ ಮಕ್ಕಳ ತುತ್ತನ್ನು ಅಲ್ಲಾಹನು ಶುದ್ಧವಾಗಿರಿಸಲಿ.