ಆಫ್‌ಸೆಟ್ ಗಿಟಾರ್ ಮನೆಗೆ ಬಂತೇ? ವಾಪಸಿನ ಗಡುವು ಮುಗಿಯುವ ಮುನ್ನ ಹೀಗೆ ಪರೀಕ್ಷಿಸಿ

ಆನ್‌ಲೈನ್‌ನಲ್ಲಿ ತರಿಸಿದ ಎಲೆಕ್ಟ್ರಿಕ್ ಗಿಟಾರ್ ಈಗ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮನೆ ಬಾಗಿಲಿಗೂ ಬರುತ್ತದೆ. ಅದನ್ನು ಹದಕ್ಕೆ ತಂದುಕೊಡುವ ಕೈ ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾರ್ಮೋನಿಯಂ ಕೆಟ್ಟರೆ, ತಬಲಾದ ಚರ್ಮ ಹರಿದರೆ ಯಾರ ಬಳಿಗೆ ಹೋಗಬೇಕೆಂದು ಭಜನಾ ಮೇಳದವರಿಗೆ ಗೊತ್ತು. ಎಲೆಕ್ಟ್ರಿಕ್ ಗಿಟಾರಿನ ನೆಕ್ ಬಾಗಿದರೆ ಹೈದರಾಬಾದ್, ಪುಣೆ, ಬೆಂಗಳೂರಿನ ದಾರಿ ನೋಡಬೇಕಾಗುತ್ತದೆ. ಹಾಗಾಗಿ ಮೊದಲ ಪರೀಕ್ಷೆಯನ್ನು ಕೊಂಡವರೇ ಮಾಡಿಕೊಳ್ಳುವುದು ಲೇಸು.

ಅದರಲ್ಲೂ ಕೊಂಡದ್ದು ಆಫ್‌ಸೆಟ್ ಗಿಟಾರ್ ಆಗಿದ್ದರೆ ಈ ಪರೀಕ್ಷೆ ಇನ್ನೂ ಮುಖ್ಯ. ಸೊಂಟದ ಎರಡು ತಗ್ಗುಗಳು ಎದುರುಬದುರಾಗಿ ಇರದೆ, ಒಂದು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಸರಿದಿರುವ ವಾದ್ಯವಿದು. ಫೆಂಡರ್ ಕಂಪನಿ 1958ರಲ್ಲಿ ತಂದ ಜಾಝ್‌ಮಾಸ್ಟರ್, 1962ರ ಜಾಗ್ವಾರ್, 1964ರ ಮಸ್ಟಾಂಗ್ ಈ ಮನೆತನದ ಮೂಲಪುರುಷರು. ಇಂದು ಅಗ್ಗದ ದರದಲ್ಲಿ ಸಿಗುವ ಬಹುತೇಕ ಆಫ್‌ಸೆಟ್‌ಗಳು ಇವುಗಳದೇ ಅಚ್ಚು.

ಇದನ್ನು ಮೊದಲ ಸಲ ಹಿಡಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬ್ರಿಡ್ಜ್ ಅಲ್ಲಾಡುತ್ತದೆ, ಜೋರಾಗಿ ಮೀಟಿದರೆ ತಂತಿ ತನ್ನ ಜಾಗ ಬಿಟ್ಟು ಜಿಗಿಯುತ್ತದೆ, ವಾಲ್ಯೂಮ್ ತಿರುಗಿಸಿದರೂ ಏನೂ ಆಗುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ದೋಷಗಳೇ ಅಲ್ಲ. ಆದರೆ ನಿಜವಾದ ದೋಷವೂ ಇರಬಹುದು, ಅದನ್ನು ಹೇಳಿಕೊಳ್ಳಲು ಸಿಗುವ ಅವಧಿ ಚಿಕ್ಕದು. ಆದ್ದರಿಂದ ಕಂಡದ್ದನ್ನೆಲ್ಲ ಮೂರು ಪಾಲು ಮಾಡಿ: ವಾಪಸ್ ಕಳಿಸಬೇಕಾದದ್ದು, ಹೊಂದಿಸಿದರೆ ಸರಿಹೋಗುವುದು, ಒಗ್ಗಿಕೊಳ್ಳಬೇಕಾದದ್ದು. ಕೆಳಗಿನ ಮೊದಲ ಮೂರು ಹಂತ ಮುಗಿಯುವವರೆಗೆ ಯಾವ ಬಿಡಿಭಾಗವನ್ನೂ ಬಿಚ್ಚಬೇಡಿ. ತಂತಿ ಕತ್ತರಿಸಿದ ಮೇಲೆ ವಾಪಸ್ ಕೇಳಿದರೆ ಮಾರಾಟಗಾರರು ತಕರಾರು ತೆಗೆಯಬಹುದು.

ಕೈಯಲ್ಲಿ ಇರಬೇಕಾದವು

ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಪಟ್ಟಿ, ಸಣ್ಣ ಮತ್ತು ಮಧ್ಯಮ ಸ್ಟಾರ್ ಸ್ಕ್ರೂಡ್ರೈವರ್, ಗಿಟಾರ್ ಜೊತೆ ಬಂದ ಅಲೆನ್ ಕೀ, ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್, ಒಂದು ಕಾಪೊ, ಪೆನ್ಸಿಲ್, ಮೆತ್ತನೆಯ ಹತ್ತಿ ಬಟ್ಟೆ.

1. ಪೆಟ್ಟಿಗೆ ತೆರೆಯುವಾಗ

ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಡೆಲಿವರಿ ವಾಹನದ ಒಳಗೆ ಕಾವು ಅದಕ್ಕಿಂತ ಹೆಚ್ಚು. ಪೆಟ್ಟಿಗೆ ಬಂದ ಕೂಡಲೇ ಬಿಚ್ಚದೆ, ನೆರಳಿನ ಕೋಣೆಯಲ್ಲಿ ನಾಲ್ಕಾರು ತಾಸು ಹಾಗೇ ಇಡಿ. ಕಾದ ಮರಕ್ಕೆ, ಬಣ್ಣಕ್ಕೆ ಕೋಣೆಯ ಹವೆ ನಿಧಾನವಾಗಿ ತಾಗಲಿ. ತೆರೆಯುವಾಗ ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳಿ. ಪೆಟ್ಟಿಗೆಯ ಮೂಲೆಗಳು, ವಿಳಾಸದ ಚೀಟಿ, ಗಿಟಾರಿನ ಕ್ರಮಸಂಖ್ಯೆ ಅದರಲ್ಲಿ ಕಾಣಬೇಕು. ಗಡುವು ಮುಗಿಯುವ ತನಕ ಪೆಟ್ಟಿಗೆಯನ್ನು ಎಸೆಯಬೇಡಿ.

2. ಕಣ್ಣು ಮತ್ತು ಬೆರಳಿನ ಪರೀಕ್ಷೆ

ನೆಕ್ ದೇಹಕ್ಕೆ ಕೂಡುವ ಜಾಗ ಮೊದಲು ನೋಡಿ. ಬಣ್ಣದಲ್ಲಿ ಕೂದಲೆಳೆಯ ಗೆರೆ ಇದ್ದರೆ ಅಷ್ಟೇನೂ ಚಿಂತೆಯಿಲ್ಲ, ಮರವೇ ಸೀಳಿದ್ದರೆ ವಾಪಸ್. ಆಮೇಲೆ ಗಿಟಾರಿನ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ. ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಅದನ್ನು ಹೊಂದಿಸಬಹುದು. ಒಂದು ಅಂಚು ಮೇಲೆದ್ದು ಇನ್ನೊಂದು ಇಳಿದು ತಿರುಚಿಕೊಂಡಿದ್ದರೆ ಮನೆಯಲ್ಲಿ ಮದ್ದಿಲ್ಲ.

ಫ್ರೆಟ್‌ಗಳ ತುದಿಗಳ ಮೇಲೆ ಬೆರಳಾಡಿಸಿ. ಒಣಹವೆಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಅದಕ್ಕೇ ತುದಿ ಚುಚ್ಚುವುದು. ತುಸು ಚುಚ್ಚಿದರೆ ಮುಂದೆ ನಯವಾದ ಅರದಿಂದ ಉಜ್ಜಿಸಬಹುದು. ಬಳಿಕ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎಲ್ಲ ಕಡೆ ಸಣ್ಣಗೆ ಕಿರುಗುಟ್ಟಿದರೆ ತಂತಿ ತೀರಾ ಕೆಳಗಿದೆ ಎಂದರ್ಥ, ಸರಿಪಡಿಸಬಹುದು. ಮೊದಲ ನಾಲ್ಕೈದು ಫ್ರೆಟ್‌ನಲ್ಲಿ ಮಾತ್ರ ಕಿರುಗುಟ್ಟಿದರೆ ನೆಕ್ ಅತಿ ನೆಟ್ಟಗಿರಬಹುದು. ಬೇರೆಲ್ಲ ಕಡೆ ಚೆನ್ನಾಗಿ ನುಡಿದು, ಯಾವುದೋ ಒಂದೇ ಜಾಗದಲ್ಲಿ ಸ್ವರ ಸತ್ತುಹೋದರೆ ಅಲ್ಲಿ ಫ್ರೆಟ್ ಎದ್ದಿರುವ ಸಾಧ್ಯತೆ ಇದೆ. ಅದನ್ನು ಮಾರಾಟಗಾರರಿಗೆ ತಿಳಿಸಿ.

3. ಕರೆಂಟಿನ ಪರೀಕ್ಷೆ

ಆಂಪ್‌ನ ಧ್ವನಿ ಸಣ್ಣದಿಟ್ಟು ಗಿಟಾರ್ ಜೋಡಿಸಿ. ಜಾಝ್‌ಮಾಸ್ಟರ್ ಮಾದರಿಯಲ್ಲಿ ಎರಡು ಸರ್ಕ್ಯೂಟ್‌ಗಳಿವೆ. ಮೇಲಿನ ಕೊಂಬಿನ ಹತ್ತಿರ ಪುಟ್ಟ ಜಾರುಗುಂಡಿಯೊಂದು, ಪಕ್ಕದಲ್ಲಿ ಎರಡು ಹಲ್ಲುಚಕ್ರಗಳು ಕಾಣುತ್ತವೆ. ಗುಂಡಿ ಮೇಲಿದ್ದರೆ ನೆಕ್ ಪಿಕಪ್ ಒಂದೇ ಕೆಲಸ ಮಾಡುತ್ತದೆ, ದನಿ ಮಂದ್ರವಾಗುತ್ತದೆ, ಕೆಳಗಿನ ದೊಡ್ಡ ಗುಂಡಿಗಳು ಸುಮ್ಮನಾಗುತ್ತವೆ. ‘ವಾಲ್ಯೂಮ್ ಕೆಟ್ಟಿದೆ’ ಎಂಬ ದೂರಿನ ಮೂಲ ಬಹಳ ಸಲ ಇದೇ. ಅಗ್ಗದ ಮಾದರಿಗಳಲ್ಲಿ ಈ ಎರಡನೇ ಸರ್ಕ್ಯೂಟ್ ಇರದೆಯೂ ಇರಬಹುದು.

ಯಾವ ಪಿಕಪ್ ಜೀವಂತವಾಗಿದೆ ಎಂದು ತಿಳಿಯಲು ಸ್ಕ್ರೂಡ್ರೈವರ್ ತುದಿಯಿಂದ ಅದರ ಮೇಲೆ ಮೆಲ್ಲಗೆ ತಟ್ಟಿ. ಟಕ್ ಎಂದು ಜೋರಾಗಿ ಕೇಳಿದರೆ ಅದು ಚಾಲೂ ಇದೆ. ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ಹೀಗೆ ನೋಡಿ. ಎಲ್ಲ ಸ್ಥಾನದಲ್ಲೂ ಒಂದು ಪಿಕಪ್ ಸತ್ತಿದ್ದರೆ, ವೈರ್ ಅಲ್ಲಾಡಿಸಿದಾಗ ಜ್ಯಾಕ್‌ನಲ್ಲಿ ದನಿ ಹೋಗಿಬಂದರೆ ಅದು ದೋಷ.

ಒಂಟಿ ಸುರುಳಿಯ ಪಿಕಪ್‌ಗಳಲ್ಲಿ ಸ್ವಲ್ಪ ಗುಂಯ್ ಎನ್ನುವ ಸದ್ದು ಸಹಜ. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ಸರಿ. ಮುಟ್ಟಿದಾಗ ಹೆಚ್ಚಾದರೆ ಒಳಗಿನ ಅರ್ತಿಂಗ್ ವೈರ್ ಬಿಟ್ಟಿರಬಹುದು. ಫ್ಯಾನ್ ರೆಗ್ಯುಲೇಟರ್, ಮೊಬೈಲ್ ಚಾರ್ಜರ್ ಆರಿಸಿ ಮತ್ತೊಮ್ಮೆ ಕೇಳಿ ನೋಡಿ.

ಎಚ್ಚರಿಕೆ: ತಂತಿ ಮುಟ್ಟಿದಾಗ ಕೈ ಝುಮ್ ಎಂದರೆ ತಕ್ಷಣ ಪ್ಲಗ್ ಕೀಳಿ. ಆ ದೋಷ ಆಂಪ್‌ನದೋ ಮನೆಯ ಅರ್ತಿಂಗಿನದೋ ಆಗಿರುತ್ತದೆ, ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ಮೂರು ಪಿನ್ನಿನ ಆಂಪ್ ಅನ್ನು ಎರಡು ಪಿನ್ನಿಗೆ ಸಿಕ್ಕಿಸಬೇಡಿ. ಜಾತ್ರೆಯ ವೇದಿಕೆಯಲ್ಲಿ ಜನರೇಟರ್ ಮೇಲೆ ನುಡಿಸುವಾಗ ಅಪಾಯ ಹೆಚ್ಚು: ಒಂದು ಕೈಯಲ್ಲಿ ತಂತಿ, ತುಟಿ ಹತ್ತಿರ ಮೈಕ್ ಇದ್ದರೆ ಕರೆಂಟ್ ಮೈಯ ಮೂಲಕ ಹರಿಯಬಹುದು.

ಇಲ್ಲಿಗೆ ವಾಪಸ್ ಮಾಡಬೇಕೋ ಬೇಡವೋ ಎಂಬುದು ಇತ್ಯರ್ಥವಾಗುತ್ತದೆ. ಇಟ್ಟುಕೊಳ್ಳುವುದೆಂದಾದರೆ ಮುಂದಿನ ಹಂತಕ್ಕೆ ಬನ್ನಿ.

4. ತಂತಿ ದಪ್ಪ ಇರಲಿ

ಜಾಝ್‌ಮಾಸ್ಟರ್ ಹುಟ್ಟಿದ್ದು ಕುಳಿತು ನುಡಿಸುವ ಜಾಝ್ ವಾದಕರಿಗಾಗಿ, ಆ ಕಾಲದ ದಪ್ಪ ತಂತಿಗಳಿಗಾಗಿ. ಜಾಝ್‌ನವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ; ಸರ್ಫ್ ಸಂಗೀತದವರು ಎತ್ತಿಕೊಂಡರು. ಮುಂದೆ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಅಗ್ಗವಾಗಿ ಸಿಗತೊಡಗಿದಾಗ ಟೆಲಿವಿಷನ್ ತಂಡದ ಟಾಮ್ ವರ್ಲೇನ್, ಎಲ್ವಿಸ್ ಕಾಸ್ಟೆಲೊ, ಸೋನಿಕ್ ಯೂತ್ ತಂಡದವರು ಕೈಗೆತ್ತಿಕೊಂಡು ಅದಕ್ಕೆ ಎರಡನೇ ಆಯುಷ್ಯ ಕೊಟ್ಟರು. ಈಗ ಕಾರ್ಖಾನೆಯಿಂದ ಬರುವಾಗ ತೆಳು ತಂತಿ ಕಟ್ಟಿರುತ್ತಾರೆ. ತೆಳು ತಂತಿ ಬ್ರಿಡ್ಜ್ ಮೇಲೆ ಸಾಕಷ್ಟು ಒತ್ತಡ ಹಾಕದು, ತಂತಿ ಜಿಗಿಯುವುದು ಅದಕ್ಕೇ. 11ರಿಂದ ಶುರುವಾಗುವ ಸೆಟ್ ಕಟ್ಟಿ ನೋಡಿ. ಜಾಗ್ವಾರ್, ಮಸ್ಟಾಂಗ್‌ಗಳ ತಂತಿಯ ಉದ್ದದ ಅಳತೆ 24 ಇಂಚು, ಜಾಝ್‌ಮಾಸ್ಟರ್‌ನದು 25.5 ಇಂಚು. ಗಿಡ್ಡ ಅಳತೆಯ ಗಿಟಾರಿನಲ್ಲಿ ದಪ್ಪ ತಂತಿಯೂ ಬೆರಳಿಗೆ ಭಾರವೆನಿಸದು.

ಹೊಸ ತಂತಿ ಹಾಕುವಾಗ ಗಿಟಾರಿನ ತಲೆಯ ಬಳಿಯ ನಟ್‌ನ ಗೀರುಗಳಲ್ಲಿ ಪೆನ್ಸಿಲ್ ತಿಕ್ಕಿ. ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ, ಶ್ರುತಿ ನಿಲ್ಲುತ್ತದೆ.

5. ನೆಕ್ ಬಾಗು ಅಳೆಯಿರಿ

ಶ್ರುತಿ ಮಾಡಿಕೊಂಡ ಮೇಲೆ ಒಂದನೇ ಫ್ರೆಟ್‌ಗೆ ಕಾಪೊ ಹಾಕಿ, ನೆಕ್ ದೇಹಕ್ಕೆ ಸೇರುವಲ್ಲಿನ ಫ್ರೆಟ್ ಒತ್ತಿ. ಏಳು–ಎಂಟನೇ ಫ್ರೆಟ್ ಹತ್ತಿರ ದಪ್ಪ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಸಂದು ಹೆಚ್ಚಿದ್ದರೆ ನೆಕ್ ಒಳಗೆ ಬಾಗು ಹೊಂದಿಸಲೆಂದೇ ಇರುವ ಟ್ರಸ್ ರಾಡ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಸಂದೇ ಇಲ್ಲದಿದ್ದರೆ ಎದುರು ದಿಕ್ಕಿಗೆ ತಿರುಗಿಸಿ. ಒಮ್ಮೆಗೆ ಕಾಲು ಸುತ್ತು ಸಾಕು. ಬಿಗಿ ಎನಿಸಿದರೆ ಬಲ ಹಾಕಬೇಡಿ.

6. ಬ್ರಿಡ್ಜ್ ನಿಲ್ಲಿಸುವುದು

ಆಫ್‌ಸೆಟ್‌ನ ಮೂಲ ಬ್ರಿಡ್ಜ್ ಎರಡು ಬಟ್ಟಲುಗಳಲ್ಲಿ ಸುಮ್ಮನೆ ನಿಂತಿರುತ್ತದೆ. ಟ್ರೆಮೊಲೊ (ತಂತಿಯ ಬಿಗಿ ಏರಿಳಿಸುವ ಹಿಡಿಕೆ) ಒತ್ತಿದಾಗ ತಂತಿಯ ಜೊತೆ ಹಿಂದೆಮುಂದೆ ಓಲಾಡುವುದು ಅದರ ಸ್ವಭಾವ, ಅದನ್ನು ಅಂಟಿಸಲು ಹೋಗಬೇಡಿ. ಶ್ರುತಿ ಮಾಡಿದ ಮೇಲೆ ಅದು ನೆಟ್ಟಗೆ ನಿಂತಿದೆಯೇ ನೋಡಿ, ವಾಲಿದ್ದರೆ ಕೈಯಿಂದ ಸರಿಮಾಡಿ.

ಎತ್ತರ: 17ನೇ ಫ್ರೆಟ್ ಮೇಲೆ ತಂತಿಯ ತಳಕ್ಕೆ 1.6ರಿಂದ 2 ಮಿ.ಮೀ. ಇದ್ದರೆ ಹದ. ದಪ್ಪ ತಂತಿ ಹಾಕಿದ ಮೇಲೂ ತಂತಿ ಜಿಗಿಯುತ್ತಿದ್ದರೆ ಬ್ರಿಡ್ಜ್ ಅನ್ನೇ ಎತ್ತರಿಸಬೇಕು. ಆದರೆ ಅದಷ್ಟನ್ನೇ ಎತ್ತಿದರೆ ತಂತಿ ಬೆರಳಿಗೆ ದೂರವಾಗುತ್ತದೆ. ಅದಕ್ಕಾಗಿ ನೆಕ್ ಬಿಚ್ಚಿ, ಅದು ಕೂರುವ ಗುಳಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ತೆಳ್ಳನೆಯ ಮರದ ಪಟ್ಟಿ ಇಟ್ಟು, ನೆಕ್ ತುಸು ಹಿಂದಕ್ಕೆ ವಾಲುವಂತೆ ಮಾಡುತ್ತಾರೆ. ಇದು ಹಳೆಯ, ನಂಬಿಕೆಯ ಉಪಾಯ. ತಂತಿ ಪೂರ್ತಿ ಸಡಿಲಿಸಿಯೇ ಕೈಹಾಕಿ.

ಸಣ್ಣ ಸ್ಕ್ರೂಗಳು ನುಡಿಸುವ ಕಂಪನಕ್ಕೆ ಸಡಿಲಾಗಿ ಬ್ರಿಡ್ಜ್ ಕೆಳಗಿಳಿಯುವುದುಂಟು. ಹೊಂದಿಸಿದ ಮೇಲೆ ಸ್ಕ್ರೂ ಬುಡಕ್ಕೆ ಒಂದು ಹನಿ ಉಗುರುಬಣ್ಣ ಹಾಕಿದರೆ ನಿಲ್ಲುತ್ತದೆ.

7. ಟ್ರೆಮೊಲೊ ಲಾಕ್

ಜಾಝ್‌ಮಾಸ್ಟರ್ ಮಾದರಿಯ ಟ್ರೆಮೊಲೊ ತಟ್ಟೆಯ ಮೇಲೆ ಜಾರುವ ಗುಂಡಿ ಇದೆ. ನುಡಿಸುವಾಗ ಒಂದು ತಂತಿ ಕಡಿದರೂ ಉಳಿದ ಐದರ ಶ್ರುತಿ ಕೆಡದಂತೆ ಹಿಡಿದಿಡುವುದು ಅದರ ಕೆಲಸ. ಹೊಂದಿಸುವ ಬಗೆ: ಹಿಡಿಕೆ ಒತ್ತಿ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ, ಹಿಡಿಕೆ ಬಿಡಿ, ಶ್ರುತಿ ಮಾಡಿ. ಈಗ ಗುಂಡಿ ಬಿಡಿಸಿದಾಗ ಶ್ರುತಿ ಬದಲಾದರೆ, ತಟ್ಟೆಯ ನಡುವಿನ ಸ್ಕ್ರೂ ಅನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋಗಿ. ಲಾಕ್ ಹಾಕಿದರೂ ಬಿಟ್ಟರೂ ಶ್ರುತಿ ಒಂದೇ ಆದಾಗ ಸ್ಪ್ರಿಂಗ್ ಹದಕ್ಕೆ ಬಂದಿದೆ.

8. ಟ್ಯೂನರ್‌ಗೂ ಹಾರ್ಮೋನಿಯಂಗೂ ಶ್ರುತಿ

ಪ್ರತಿ ತಂತಿಯನ್ನೂ 12ನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಸ್ಯಾಡಲ್ ಅನ್ನು ನೆಕ್‌ನಿಂದ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಮೇಳದ ಜೊತೆ ಕೂರುವ ಆಸೆ ಇದ್ದರೆ ಇನ್ನೊಂದು ಕೆಲಸ ಬಾಕಿ. ಹಾರ್ಮೋನಿಯಂನ ನಾಲಿಗೆಗಳನ್ನು ಕೂತಲ್ಲೇ ಬದಲಿಸಲಾಗದು; ಗಿಟಾರೇ ತಗ್ಗಬೇಕು. ಹಾರ್ಮೋನಿಯಂನ ಬಿಳಿ ಆರು ಒತ್ತಿ, ಟ್ಯೂನರ್ ಆ್ಯಪ್ ಎಷ್ಟು ಹರ್ಟ್ಜ್ ತೋರಿಸುತ್ತದೆ ನೋಡಿ. 440 ಇರಬೇಕಾದಲ್ಲಿ 436 ಬಂದರೆ ಆ್ಯಪ್‌ನ ಆಧಾರಸಂಖ್ಯೆಯನ್ನೂ 436ಕ್ಕೆ ಇಳಿಸಿ ಗಿಟಾರ್ ಶ್ರುತಿ ಮಾಡಿ. ಒಂದನೇ ಫ್ರೆಟ್‌ಗೆ ಕಾಪೊ ಹಾಕಿ ಸಿ ಕಾರ್ಡ್ ಹಿಡಿದರೆ ಕರಿ ಒಂದು, ಡಿ ಕಾರ್ಡ್ ಹಿಡಿದರೆ ಕರಿ ಎರಡು. ಕಾಪೊ ಹಾಕಿದ ಮೇಲೆ ಶ್ರುತಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ.

9. ನೆಲದ ಮೇಲೆ ಕುಳಿತು ನುಡಿಸಿ

ಸೊಂಟ ಓರೆಯಾಗಿರುವುದು ಬರೀ ಚಂದಕ್ಕಲ್ಲ. ಕುಳಿತಾಗ ಗಿಟಾರ್ ತೊಡೆಯ ಮೇಲೆ ಹೊಂದಿ ಕೂರಲಿ ಎಂದೇ ಹಾಗೆ ಮಾಡಿದ್ದು. ಕುರ್ಚಿಯ ಮೇಲಷ್ಟೇ ಅಲ್ಲ, ಚಕ್ಕಳಮಕ್ಕಳ ಹಾಕಿಯೂ ನುಡಿಸಿ ನೋಡಿ. ನೆಲದ ಮೇಲೆ ಕೂರುವಾಗಲೂ ಪಟ್ಟಿ ಹೆಗಲಿಗಿರಲಿ, ಎಡಗೈ ನೆಕ್ ಹೊರುವ ಕೆಲಸದಿಂದ ಬಿಡುಗಡೆ ಪಡೆಯುತ್ತದೆ.

ಬ್ರಿಡ್ಜ್ ಹಿಂದಿನ ಉದ್ದನೆಯ ತಂತಿಭಾಗ ತಾನೇ ಮಿಡಿದು ಸಣ್ಣ ಝೇಂಕಾರ ಕೊಡುತ್ತದೆ, ಸಿತಾರಿನ ತರಫ್ ತಂತಿಗಳ ಹಾಗೆ. ಇದು ದೋಷವಲ್ಲ, ಆಫ್‌ಸೆಟ್‌ನ ಗುಣ. ಬೇಡವೆನಿಸಿದರೆ ಆ ತಂತಿಗಳ ನಡುವೆ ಬಟ್ಟೆಯ ತುಣುಕು ಹೆಣೆಯಿರಿ.

ಒಂದೇ ನೋಟದಲ್ಲಿ

• ವಾಪಸ್ ಕಳಿಸಿ: ಸೀಳಿದ ಮರ, ತಿರುಚಿದ ನೆಕ್, ಒಂದೇ ಜಾಗದಲ್ಲಿ ಸಾಯುವ ಸ್ವರ, ಸತ್ತ ಪಿಕಪ್, ಸಡಿಲ ಜ್ಯಾಕ್, ತಂತಿಗೆ ಅರ್ತಿಂಗ್ ಇಲ್ಲದಿರುವುದು.
• ಹೊಂದಿಸಿ: ತಂತಿಯ ಎತ್ತರ, ನೆಕ್ ಬಾಗು, ಜಿಗಿಯುವ ತಂತಿ, ಇಳಿಯುವ ಬ್ರಿಡ್ಜ್, 12ನೇ ಫ್ರೆಟ್‌ನಲ್ಲಿ ತಪ್ಪುವ ಸ್ವರ.
• ಒಗ್ಗಿಕೊಳ್ಳಿ: ಓಲಾಡುವ ಬ್ರಿಡ್ಜ್, ಎರಡು ಸರ್ಕ್ಯೂಟ್, ಹಿಂದಿನ ತಂತಿಗಳ ಝೇಂಕಾರ, ಸಣ್ಣ ಗುಂಯ್ ಸದ್ದು.

ಮಾರಾಟಗಾರರು ಒಪ್ಪದಿದ್ದರೆ

ದೋಷವಿರುವ ಸರಕನ್ನು ವಾಪಸ್ ಪಡೆಯಲು ಆನ್‌ಲೈನ್ ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಮೊದಲು ಲಿಖಿತವಾಗಿ ದೂರು ಕೊಡಿ, ವಿಡಿಯೊ ಲಗತ್ತಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಂಪನಿಯ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಲಬುರಗಿಯಲ್ಲೇ, ದೂರು ದಾಖಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ವರ್ಷಕ್ಕೆ ಮೂರು ಸಲ

ನಮ್ಮ ಬೇಸಿಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ನೆಕ್ ಬಾಗು ಬದಲಾಗುತ್ತಲೇ ಇರುತ್ತದೆ. ಯುಗಾದಿ ಹೊತ್ತಿಗೆ, ಮುಂಗಾರು ಹಿಡಿದ ಮೇಲೆ, ದೀಪಾವಳಿ ಮುಗಿದ ಬಳಿಕ ಐದು, ಆರು, ಎಂಟನೇ ಹಂತಗಳನ್ನು ಮತ್ತೆ ಮಾಡಿ. ಏರ್ ಕೂಲರ್ ಬೀಸುವ ಒದ್ದೆ ಗಾಳಿಗೆ ಗಿಟಾರ್ ಒಡ್ಡಬೇಡಿ, ತಗಡಿನ ಮಾಡಿನ ಕೆಳಗೆ ಗೋಡೆಗೆ ನೇತುಹಾಕಬೇಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ನುಡಿಸಿದ ಮೇಲೆ ತಂತಿಯ ಬೆವರು, ಧೂಳು ಒರೆಸಿ ಚೀಲದೊಳಗಿಡಿ. ಹೈಗ್ರೋಮೀಟರ್ ಒಂದನ್ನು ಕೋಣೆಯಲ್ಲಿಟ್ಟು ತೇವಾಂಶ ಶೇ 45ರಿಂದ 55ರ ಆಸುಪಾಸು ಇರುವಂತೆ ನೋಡಿಕೊಂಡರೆ ಟ್ರಸ್ ರಾಡ್ ಮುಟ್ಟುವ ಕೆಲಸವೇ ಕಡಿಮೆಯಾಗುತ್ತದೆ. ಪ್ರತಿ ಸಲದ ಅಳತೆಗಳನ್ನು ತಾರೀಖಿನೊಂದಿಗೆ ಚೀಟಿಯಲ್ಲಿ ಬರೆದು ಚೀಲದಲ್ಲೇ ಇಡಿ. ಮುಂದೆಂದಾದರೂ ಗಿಟಾರನ್ನು ದೂರದ ಊರಿನ ರಿಪೇರಿಯವರಿಗೆ ಒಪ್ಪಿಸಬೇಕಾಗಿ ಬಂದರೆ, ಅವರು ಮೊದಲು ಕೇಳುವ ಪ್ರಶ್ನೆಗಳಿಗೆ ಆ ಚೀಟಿಯಲ್ಲಿ ಉತ್ತರ ಇರುತ್ತದೆ.