ಎಳೆಯ ಮಕ್ಕಳ ಬೆಳಗಿನ ಊಟವೂ ದಿನದ ಆಹಾರವೂ

ಈ ಶಾಲೆಯ ಗೃಹಕೃತ್ಯದ ತರಗತಿಯಲ್ಲಿ ಕುಳಿತು, ಅಕ್ಕಿಯನ್ನು ಎಷ್ಟು ಸಾರಿ ತೊಳೆಯಬೇಕು, ತರಕಾರಿ ಬೇಯಿಸಿದ ನೀರನ್ನು ಯಾಕೆ ಚೆಲ್ಲಬಾರದು ಎಂಬ ಪಾಠಗಳನ್ನು ಬರೆದುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆ ಪುಸ್ತಕಗಳು ಈಗ ಎಲ್ಲಿವೆಯೋ ತಿಳಿಯದು. ಆದರೆ ಚೊಚ್ಚಲ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದಕ್ಕಾಗಿ ಮೊದಲನೆಯ ಬಟ್ಟಲು ಉಣಿಸನ್ನು ಕಲಸುವ ದಿನ ಬಂದಾಗ, ಆ ಪಾಠಗಳಲ್ಲಿ ಒಂದೆರಡಾದರೂ ನೆನಪಿಗೆ ಬರಬಾರದೇ ಎಂದು ತಾಯಿಯಾದವಳು ಹಂಬಲಿಸುವುದುಂಟು. ಆದಕಾರಣ ಆ ವಿಷಯವನ್ನೇ ಇಲ್ಲಿ ಪುನಃ ಎತ್ತಿಕೊಂಡಿದ್ದೇನೆ.

ಕೆಲವು ವರುಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತು ತಿಂಗಳ ತನ್ನ ಹೆಣ್ಣು ಕೂಸನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಮೂರು ತಿಂಗಳಿಂದ ಕೂಸಿನ ತೂಕವು ಏಳು ಕಿಲೋವನ್ನು ದಾಟಿರಲಿಲ್ಲ. ವೈದ್ಯರು ನೋಡಿ ರೋಗವೇನೂ ಇಲ್ಲವೆಂದಿದ್ದರು. ತಾಯಿಯು ಶುಚಿಯುಳ್ಳವಳು, ಬಹಳ ಅಕ್ಕರೆಯವಳು. ಕೂಸು ಮೊಲೆಹಾಲನ್ನು ಇನ್ನೂ ಕುಡಿಯುತ್ತಿತ್ತು. ಅದರ ಮೇಲೆ ದಿನಕ್ಕೆ ಮೂರು ಸಾರಿ ರಾಗಿಯ ಮಣ್ಣಿಯನ್ನು ಕೊಡುತ್ತಿದ್ದಳು. "ಅಕ್ಕಾ, ಬಟ್ಟಲಲ್ಲಿ ಒಂದು ಹನಿಯನ್ನೂ ಬಿಡುವುದಿಲ್ಲ, ಆದರೂ ಯಾಕೆ ಹೀಗೆ?" ಎಂದು ಕೇಳುವಾಗ ಅವಳ ಕಣ್ಣುಗಳು ತುಂಬಿದವು. ಮನೆಯ ಹಿರಿಯರು ದೃಷ್ಟಿ ತಾಕಿದೆ ಎಂದು ಹೇಳಿದ್ದರಂತೆ. ನೆರೆಯವರು ಅವಳ ಹಾಲಿನಲ್ಲಿ ಸತ್ವವಿಲ್ಲವೆಂದಿದ್ದರಂತೆ. ಎರಡೂ ಸುಳ್ಳು.

ಮಣ್ಣಿಯನ್ನು ಹೇಗೆ ಮಾಡುತ್ತೀ ಎಂದು ವಿಚಾರಿಸಿದೆನು. ಕೂಸಿಗೆ ಸುಲಭವಾಗಿ ಜೀರ್ಣವಾಗಲೆಂದು ಒಂದು ದೊಡ್ಡ ಚಮಚ ಹಿಟ್ಟಿಗೆ ಒಂದು ಲೋಟ ನೀರು ಹಾಕಿ, ತೆಳ್ಳಗೆ ಕಾಯಿಸಿ, ಸ್ವಲ್ಪ ಬೆಲ್ಲ ಬೆರಸಿ ಕುಡಿಸುತ್ತೇನೆಂದಳು. ಈಗ ಲೆಕ್ಕವನ್ನು ನೋಡಿರಿ. ಒಂದು ದೊಡ್ಡ ಚಮಚ ಹಿಟ್ಟೆಂದರೆ ಸುಮಾರು 10 ಗ್ರಾಮು. ಅದರಿಂದ ದೊರೆಯುವುದು 32 ಕ್ಯಾಲರಿಯಷ್ಟು ಶಕ್ತಿ. ಬೆಲ್ಲದ್ದು ಇನ್ನೊಂದು 20 ಎಂದಿಟ್ಟುಕೊಳ್ಳೋಣ. ಮೂರು ಬಟ್ಟಲು ಕುಡಿದರೂ ನೂರೈವತ್ತನ್ನು ಸ್ವಲ್ಪವೇ ದಾಟುತ್ತದೆ. ಒಂಬತ್ತರಿಂದ ಹನ್ನೊಂದು ತಿಂಗಳ ಕೂಸಿಗೆ ಮೊಲೆಹಾಲಲ್ಲದೆ ಹೊರಗಿನ ಆಹಾರದಿಂದಲೇ ದಿನಕ್ಕೆ ಸುಮಾರು 300 ಕ್ಯಾಲರಿ ಬೇಕು. ಅಂದರೆ ಆ ಕೂಸು ಹೊಟ್ಟೆ ತುಂಬಿಕೊಂಡೇ ಅರೆಹೊಟ್ಟೆಯಲ್ಲಿತ್ತು! ಏಳು ಕಿಲೋ ತೂಗುವ ಕೂಸಿನ ಜಠರದಲ್ಲಿ ಒಂದು ಸಾರಿಗೆ ಸುಮಾರು 200 ಮಿಲಿಲೀಟರು ಮಾತ್ರ ಹಿಡಿಯುವುದು. ಆ ಸ್ಥಳವನ್ನೆಲ್ಲಾ ನೀರು ತೆಗೆದುಕೊಂಡ ಮೇಲೆ ಕೂಸು ಸುಮ್ಮನೆ ಮಲಗಿತು, ಅಳಲಿಲ್ಲ. ಅಳದಿದ್ದುದೇ ತಾಯಿಗೆ ಮೋಸವಾಯಿತು.

ಹಾಗಾದರೆ ಮಣ್ಣಿಯನ್ನು ಗಟ್ಟಿಮಾಡಿದರಾಯಿತಲ್ಲವೇ ಎಂದು ನೀವು ಕೇಳಬಹುದು. ಗಟ್ಟಿಮಾಡಿದರೆ ಅದು ಅಂಟಂಟಾಗಿ, ಹಲ್ಲಿಲ್ಲದ ಕೂಸು ನುಂಗಲಾರದೆ ಉಗುಳಿಬಿಡುತ್ತದೆ. ಈ ತೊಡಕಿಗೆ ನಮ್ಮ ಅಜ್ಜಿಯರು ಶಾಸ್ತ್ರವನ್ನು ಓದದೆಯೇ ಒಂದು ಉಪಾಯವನ್ನು ಕಂಡಿದ್ದರು. ಅದು ರಾಗಿಯನ್ನು ಮೊಳಕೆ ಬರಿಸುವುದು. ಧಾನ್ಯವು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸುವ ಒಂದು ಕಿಣ್ವವನ್ನು ಹುಟ್ಟಿಸಿಕೊಳ್ಳುತ್ತದೆ. ಆ ಹಿಟ್ಟನ್ನು ಬಿಸಿ ಮಾಡಿದಾಗ ಪಿಷ್ಟದ ಉದ್ದ ಸರಪಣಿಗಳು ತುಂಡಾಗಿ, ಗಟ್ಟಿಯಾದ ಗಂಜಿಯು ತೆಳ್ಳಗಾಗುತ್ತದೆ. ನೀರು ಹೆಚ್ಚಾಗಿ ತೆಳ್ಳಗಾಗುವುದಕ್ಕೂ ಇದಕ್ಕೂ ಭೇದವಿದೆ. ಇಲ್ಲಿ ಹಿಟ್ಟು ಅಷ್ಟೇ ಇರುತ್ತದೆ, ಅಂಟು ಮಾತ್ರ ಹೋಗುತ್ತದೆ.

ಮಾಡುವ ಕ್ರಮವು ಹೀಗೆ. ರಾಗಿಯನ್ನು ಕಲ್ಲು, ಜೊಳ್ಳು ತೆಗೆದು ತೊಳೆದು ಒಂದು ರಾತ್ರಿ ನೆನೆಯಿಸಬೇಕು. ಬೆಳಿಗ್ಗೆ ನೀರು ಬಸಿದು ಒದ್ದೆಯ ಶುದ್ಧ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ಆಗಾಗ ನೀರು ಚಿಮುಕಿಸುತ್ತಿರಬೇಕು. ಬಿಳಿಯ ಮೊಳಕೆಯು ಕಾಣಿಸಿದೊಡನೆ ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಬೇರುಗಳನ್ನು ಕೇರಿ ಕಳೆಯಬೇಕು. ಅನಂತರ ಬೀಸಿಸಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದನ್ನು ಆರಂಭಿಸಲೇಬಾರದು. ಒಣಗದೆ ಬೂಷ್ಟು ಹಿಡಿದ ಧಾನ್ಯವು ಮಕ್ಕಳಿಗೆ ವಿಷ. ಬೇಸಗೆಯಲ್ಲಿಯೇ ಮಾಡಿ ಡಬ್ಬಿಗಳಲ್ಲಿ ತುಂಬಿಡಿರಿ. ಪರಿಮಳಕ್ಕಾಗಿ ಹುರಿಯುವವರು ಕೆಂಪಗೆ ಹುರಿದರೆ ಆ ಕಿಣ್ವವು ಸತ್ತು, ಪಟ್ಟ ಶ್ರಮವೆಲ್ಲಾ ವ್ಯರ್ಥವಾಗುವುದು. ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗಾದರೆ ಸಾಕು.

ಮೊಳಕೆಯ ಹಿಟ್ಟು ಎಲ್ಲಾ ಹೊತ್ತಿಗೂ ಸಾಲದಿದ್ದರೆ, ಸಾದಾ ರಾಗಿ ಹಿಟ್ಟಿನದೋ ಅಕ್ಕಿನುಚ್ಚಿನದೋ ಗಟ್ಟಿ ಗಂಜಿಯನ್ನು ಬೇಯಿಸಿ, ಒಲೆಯಿಂದಿಳಿಸಿ, ಕುದಿ ಅಡಗಿದ ಮೇಲೆ ಬಿಸಿ ಇರುವಾಗಲೇ ಮೊಳಕೆಯ ಹಿಟ್ಟು ಒಂದು ಸಣ್ಣ ಚಮಚವನ್ನು ಕಲಕಿರಿ. ಕೆಲವು ನಿಮಿಷಗಳಲ್ಲಿ ಅದು ನಿಮ್ಮ ಕಣ್ಣೆದುರಿಗೇ ಸಡಿಲವಾಗುವುದು. ಆ ಮೇಲೆ ಇನ್ನೊಂದು ಕುದಿ ಬರಿಸಿಯೇ ಕೂಸಿಗೆ ಕೊಡತಕ್ಕದ್ದು. ಯಾಕಂದರೆ ಮೊಳಕೆಯ ಹಸಿ ಹಿಟ್ಟಿನಲ್ಲಿ ರೋಗಾಣುಗಳಿರುವುದುಂಟು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಒಂದು ಬಟ್ಟಲಿಗೆ ಹಿಟ್ಟನ್ನು ಮೂರರಷ್ಟು ಮಾಡು, ಮೊಳಕೆಯ ಹಿಟ್ಟಿನಿಂದ ಅದನ್ನು ಸಡಿಲಿಸು, ಹುರಿದು ಪುಡಿಮಾಡಿದ ಹೆಸರುಬೇಳೆ ಒಂದು ಚಮಚವನ್ನೂ ತುಪ್ಪವನ್ನಾಗಲಿ ತೆಂಗಿನೆಣ್ಣೆಯನ್ನಾಗಲಿ ಒಂದು ಸಣ್ಣ ಚಮಚವನ್ನೂ ಸೇರಿಸು. ಒಂದು ಸಣ್ಣ ಚಮಚ ತುಪ್ಪದಲ್ಲಿಯೇ 45 ಕ್ಯಾಲರಿಯಷ್ಟು ಶಕ್ತಿ ಇದೆ, ಅದು ಸ್ಥಳವನ್ನು ಹಿಡಿಯುವುದಿಲ್ಲ. ಈ ಪ್ರಕಾರವಾದ ಎರಡು ಬಟ್ಟಲುಗಳಿಂದಲೇ 300 ಕ್ಯಾಲರಿ ದೊರೆಯುತ್ತದೆ. ಬೆಲ್ಲವನ್ನು ಬಿಡು ಎಂದೆನು. ಬೆಲ್ಲವೂ ಸಕ್ಕರೆಯ ಜಾತಿಯದೇ. ಅದರಲ್ಲಿ ಕಬ್ಬಿಣಾಂಶವಿದೆಯೆಂದು ನಾವು ಕೊಂಡಾಡುವಷ್ಟು ಲಾಭವು ಒಂದು ಚಿಟಿಕೆಯಿಂದ ಬರುವುದಿಲ್ಲ, ಸಿಹಿಯ ಚಪಲ ಮಾತ್ರ ಬರುತ್ತದೆ. ಮುಂದಿನ ತಿಂಗಳು ಅಂಗನವಾಡಿಯ ತಕ್ಕಡಿಯಲ್ಲಿ ಮುಳ್ಳು ಅಲುಗಿತು. ಅವಳು ಆ ಸುದ್ದಿಯನ್ನು ಹೇಳಲು ಓಡುತ್ತಲೇ ಬಂದಳು.

ಆರು ತಿಂಗಳು ತುಂಬುವ ತನಕ ಮೊಲೆಹಾಲಲ್ಲದೆ ಬೇರೇನೂ, ನೀರು ಸಹ, ಬೇಡ. ಇದು ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಹೇಳುತ್ತಾ ಬಂದಿರುವ ಮಾತು. ಆರು ತಿಂಗಳಾದ ಮೇಲೆ ತಡಮಾಡಲೂ ಬಾರದು. ಯಾಕಂದರೆ ಹುಟ್ಟುವಾಗ ಕೂಸು ಒಡಲಲ್ಲಿ ಕೂಡಿಸಿ ತಂದಿದ್ದ ಕಬ್ಬಿಣಾಂಶವು ಸರಿಸುಮಾರಾಗಿ ಆ ಕಾಲಕ್ಕೆ ಮುಗಿಯುತ್ತದೆ. ಮೊದಲು ದಿನಕ್ಕೆ ಎರಡು ಮೂರು ಸಾರಿ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಾರಿ ಉಣಿಸಬೇಕು. ವರುಷ ತುಂಬಿದ ಮಗುವಿಗೆ ಹೊರಗಿನ ಆಹಾರದಿಂದ ಸುಮಾರು 550 ಕ್ಯಾಲರಿ ಬೇಕು. ಆಗ ಅದು ಮನೆಯವರು ಉಣ್ಣುವುದನ್ನೇ, ಖಾರ ಬಿಟ್ಟು, ಉಣ್ಣಬಲ್ಲದು. ವರುಷದೊಳಗಿನ ಕೂಸಿನ ನಾಲಿಗೆಗೆ ಜೇನನ್ನು ಮುಟ್ಟಿಸಬೇಡಿರಿ. ನಮ್ಮ ಮನೆಗಳಲ್ಲಿ ಇದು ಹಳೆಯ ವಾಡಿಕೆಯಾದರೂ, ಜೇನಿನಲ್ಲಿ ಅಡಗಿರಬಹುದಾದ ಒಂದು ಜಾತಿಯ ಅಣುಜೀವಿಯು ಎಳೆಯ ಕರುಳಿನಲ್ಲಿ ಬೆಳೆದು ಕೈಕಾಲುಗಳ ಸ್ವಾಧೀನವನ್ನೇ ತಪ್ಪಿಸೀತು.

ಇನ್ನು ಅಕ್ಕಿಯ ಮಾತು. ಡಚ್ಚರ ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಐಕ್‌ಮನ್ ಎಂಬ ವೈದ್ಯನು, ಪಾಲಿಷ್ ಮಾಡಿದ ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಸಹಿತವಾದ ಅಕ್ಕಿಯಿಂದ ಅವು ಎದ್ದು ನಡೆಯುವುದನ್ನೂ ಕಂಡನು. 1929ರಲ್ಲಿ ನೊಬೆಲ್ ಪಾರಿತೋಷಕವನ್ನು ಹಾಪ್ಕಿನ್ಸ್ ಎಂಬವನೊಡನೆ ಹಂಚಿಕೊಂಡನು. ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬವನು 1920ರ ದಶಕದಲ್ಲಿ ಹಿಂದೂಸ್ಥಾನದ ನಾನಾ ಪ್ರಾಂತಗಳವರ ಊಟವನ್ನು ಇಲಿಗಳಿಗೆ ಬಡಿಸಿ ನೋಡಿದನು. ಇಡೀ ಗೋದಿಯ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿದ್ದ ಸಿಖ್ಖರ ಊಟದಲ್ಲಿ ಅವು ಕೊಬ್ಬಿ ಬೆಳೆದವು. ಬಿಳಿ ಅನ್ನವೇ ಹೆಚ್ಚಾಗಿದ್ದ ಮದ್ರಾಸಿನ ಊಟದಲ್ಲಿ ಹಿಂದೆ ಬಿದ್ದವು. ಹೀಗಿರಲಾಗಿ ನಮ್ಮ ಜಿಲ್ಲೆಯ ಕುಚ್ಚಲಕ್ಕಿಯನ್ನು ಬಡವರ ಅಕ್ಕಿಯೆಂದು ಕೆಲವರು ಹಳಿಯುವುದು ನನಗೆ ಸೋಜಿಗವಾಗಿದೆ. ಭತ್ತವನ್ನು ಹೊಟ್ಟಿನೊಡನೆಯೇ ಬೇಯಿಸುವಾಗ ಮೇಲ್ಪದರದ ಬಿ ಜೀವಸತ್ವವು ಕಾಳಿನ ಒಳಕ್ಕೆ ಇಳಿಯುತ್ತದೆ. ಆದಕಾರಣ ಗಿರಣಿಯು ಅದನ್ನು ಪೂರ್ತಿಯಾಗಿ ಕೆರೆದು ತೆಗೆಯಲಾರದು. ಅದರ ಗಂಜಿಯನ್ನು ತೆಳಿಯ ಸಮೇತ ಉಂಡರೆ ನಷ್ಟವು ಇನ್ನೂ ಕಡಿಮೆ.

ಆದರೆ ಗಂಜಿಯೂ ಉಪ್ಪಿನಕಾಯಿಯೂ ಮಾತ್ರ ಮಗುವಿಗೆ ಸಾಲದು. ಗಂಜಿಯ ಪಕ್ಕದಲ್ಲಿ ಬೆಂದ ಹೆಸರೋ, ಮೊಟ್ಟೆಯೋ, ಮುಳ್ಳು ತೆಗೆದ ಬೂತಾಯಿ ಮೀನೋ ಇರಲಿ. ಬೆಲೆಬಾಳುವ ಮೀನುಗಳಿಗಿಂತ ಬೂತಾಯಿಯು ಮಕ್ಕಳಿಗೆ ಏನೂ ಕೀಳಲ್ಲ. ಹಿತ್ತಿಲ ಹರಿವೆ, ಬಸಳೆ, ನುಗ್ಗೆಯ ಸೊಪ್ಪುಗಳೂ ಪಪ್ಪಾಯಿಯೂ ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲಗಳು. ಇವುಗಳೊಡನೆ ಎಣ್ಣೆ ಸ್ವಲ್ಪವಾದರೂ ಇದ್ದರೆ ಮೈಗೆ ಹತ್ತುತ್ತವೆ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಮು ಸುಣ್ಣಾಂಶವಿದೆ, ಅಕ್ಕಿಯಲ್ಲಿ ಹತ್ತರಷ್ಟು ಮಾತ್ರ. ರಾಗಿಯನ್ನು ಅರೆದು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವವರು ಜರಿಯೊಡನೆ ಅದರ ಒಂದು ಪಾಲನ್ನು ಎಸೆಯುತ್ತಾರೆಂಬುದನ್ನು ನೆನಪಿಡಬೇಕು. ಎಂಟು ತಿಂಗಳಾದ ಮೇಲೆ ಸೋಸುವ ಅಗತ್ಯವಿಲ್ಲ.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಒಂದೇ ದೂರು ಹೇಳುತ್ತೇನೆ. ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತುಗಳನ್ನು ತಿಂದು ಬಂದ ಹುಡುಗಿಯು ಎರಡನೆಯ ಪಾಠದ ಹೊತ್ತಿಗೆ ಮೇಜಿನ ಮೇಲೆ ತಲೆಯಿಡುವುದನ್ನು ಪಾಠ ಹೇಳಿದವರೆಲ್ಲರೂ ಕಂಡಿದ್ದಾರೆ. ಚಹಾವು ಊಟದಲ್ಲಿರುವ ಕಬ್ಬಿಣಾಂಶವನ್ನು ಮೈಗೆ ಸೇರಗೊಡುವುದಿಲ್ಲ; ಲಿಂಬೆಯ ರಸವೂ ನೆಲ್ಲಿಕಾಯಿಯೂ ಸೇರಿಸಿಕೊಡುತ್ತವೆ. ಬೆಳೆಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಉದ್ದೂ ಅಕ್ಕಿಯೂ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಇಡ್ಲಿಯು ಬೆಳಗಿನ ಹೊತ್ತಿಗೆ ಬಹಳ ಒಳ್ಳೆಯದು. ನೀರುದೋಸೆಯು ಬರಿಯ ಅಕ್ಕಿಯದಾದುದರಿಂದ ಅದರೊಡನೆ ಕಡಲೆಯ ಗಸಿಯನ್ನೋ ಮೊಟ್ಟೆಯನ್ನೋ ಬಡಿಸಿರಿ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2013ರಲ್ಲಿ ಹಾಲು ಕೊಡುವ ಏರ್ಪಾಡು ಆರಂಭವಾಗಿ, 2024ರಲ್ಲಿ ಅದಕ್ಕೆ ರಾಗಿಯ ಹಿಟ್ಟೂ ಸೇರಿತು. ಹಣ ಕೊಟ್ಟು ಓದಿಸುವ ನಮ್ಮ ಮಕ್ಕಳ ಡಬ್ಬಿಗಳಲ್ಲಿ ಅದಕ್ಕಿಂತ ಕಡಿಮೆಯದು ಇರುವುದು ನಾಚಿಕೆಯ ಮಾತು.

ಹಾಲು ಒಳ್ಳೆಯದೆಂದು ಎರಡು ವರುಷದ ಮಗುವಿಗೆ ದಿನವಿಡೀ ಹಾಲನ್ನೇ ಕುಡಿಸುವವರೂ ಇದ್ದಾರೆ. ಅರ್ಧ ಲೀಟರು ಮೀರಿದರೆ ಮಗುವು ಊಟವನ್ನು ದೂಡುತ್ತದೆ, ರಕ್ತವು ಬಡವಾಗುತ್ತದೆ. ಇಡೀ ಕಡಲೆಬೀಜವನ್ನು ಐದು ವರುಷದೊಳಗಿನವರ ಕೈಗೆ ಕೊಡಬೇಡಿರಿ, ಅದು ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುವುದುಂಟು, ಪುಡಿಮಾಡಿ ಕೊಡಬಹುದು.

ಕಡೆಯದಾಗಿ, ಕಾಯಿಲೆಯ ಮಗು. ಭೇದಿಯಾಗುವಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಬರಿಯ ತೆಳಿಯ ಮೇಲೆ ಮೂರು ನಾಲ್ಕು ದಿನ ಇಡುವ ಪದ್ಧತಿಯು ಅನೇಕ ಮಕ್ಕಳನ್ನು ಸೊರಗಿಸಿದೆ. ಉಪ್ಪು ಹಾಕಿದ ತೆಳಿಯು ಬಾಯಾರಿಕೆಗೆ ಒಳ್ಳೆಯದು, ಅಂಗನವಾಡಿಯಲ್ಲಿ ಸಿಕ್ಕುವ ಓ.ಆರ್.ಎಸ್. ಪೊಟ್ಟಣವು ಅದಕ್ಕಿಂತಲೂ ಒಳ್ಳೆಯದು. ಆದರೆ ಇವು ಊಟವಲ್ಲ. ಮೊಲೆಹಾಲನ್ನೂ ಮೆತ್ತಗಿನ ಅನ್ನವನ್ನೂ ಸ್ವಲ್ಪಸ್ವಲ್ಪವಾಗಿ ಕೊಡುತ್ತಲೇ ಇರಬೇಕು. ಗುಣವಾದ ಮೇಲೆ ಮಗುವು ತಾನಾಗಿ ಹೆಚ್ಚು ಕೇಳುತ್ತದೆ. ಆಗ ಎರಡು ವಾರಗಳ ತನಕ ದಿನಕ್ಕೆ ಒಂದು ಊಟವನ್ನು ಹೆಚ್ಚಾಗಿ ಬಡಿಸಿ, ತಿಂಗಳ ಕೊನೆಯಲ್ಲಿ ತೂಗಿಸಿ ನೋಡಿರಿ.